ಗಡಿಯಲ್ಲಾದ ಒಂದು ಸಾವು ಮನೆಯಲ್ಲಿ ಒಬ್ಬೊಬ್ಬರನ್ನು ಒಂದೊಂದು ಥರ ಕಾಡುವುದು ಯಾಕೆ?

ಪ್ರಶ್ನೆ: ನಮ್ಮದು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿ. ನನ್ನ ಅಣ್ಣ ಸೇನೆಯಲ್ಲಿದ್ದ. ಒಂಬತ್ತು ವರ್ಷದ ಹಿಂದೆ ಗಡಿಯಲ್ಲಿ ಶೆಲ್ ಬಿದ್ದು ತೀರಿಕೊಂಡ. ಪೆಟ್ಟಿಗೆ ತೆರೆಯಬೇಡಿ ಅಂದರು, ನಾವು ತೆರೆಯಲಿಲ್ಲ. ಅದರಲ್ಲಿ ಇದ್ದವನು ನನ್ನ ಮಗನೇ ಹೌದಾ ಅಂತ ಅವ್ವ ಈಗಲೂ ಕೇಳುತ್ತಾಳೆ. ವೈನಿ ಮಗಳನ್ನು ಕರೆದುಕೊಂಡು ತವರಿಗೆ ಹೋದರು. ಆಗ ಮಗುವಿಗೆ ಮೂರು ವರ್ಷ. ಅಣ್ಣನ ಜೊತೆ ಅದೇ ಪೋಸ್ಟ್‌ನಲ್ಲಿದ್ದ ಗೆಳೆಯ ಮೊದಲು ಫೋನ್ ಮಾಡುತ್ತಿದ್ದ, ಈಗ ನಾವು ಮಾಡಿದರೂ ಎತ್ತುವುದಿಲ್ಲ. 2025ರ ಮೇ ತಿಂಗಳಲ್ಲಿ ಟಿವಿಯಲ್ಲಿ ಪೂಂಚ್ ತೋರಿಸಿದಾಗ, ಅಲ್ಲಿ ಮಕ್ಕಳನ್ನು ಕಳೆದುಕೊಂಡವರನ್ನು ನೋಡಿ ಅವ್ವ ಎರಡು ದಿನ ಊಟ ಬಿಟ್ಟಳು. ಇದೆಲ್ಲ ಒಂದೇ ಸಾವಿನಿಂದ ಆಗಿದ್ದಾ? ಯುದ್ಧದ ಸಾವು ಬೇರೆ ಸಾವಿನಂತೆ ಅಲ್ವಾ? ಈಗ ನಾವು ಏನು ಮಾಡಬೇಕು?

ಉತ್ತರ: ಹೌದು, ನೀವು ಬರೆದಿದ್ದೆಲ್ಲ ಆ ಒಂದು ಸಾವಿನಿಂದಲೇ ಬಂದಿರಬಹುದು. ಯಾರಿಗೂ ತಲೆ ಕೆಟ್ಟಿಲ್ಲ, ಯಾರೂ ನಿಮ್ಮನ್ನು ಮರೆತಿಲ್ಲ. ಸೈನಿಕರ ಮನೆಯವರ ಜೊತೆ ಕೆಲಸ ಮಾಡುವ ಮನೋವೈದ್ಯರಿಗೆ ನಿಮ್ಮ ಮನೆಯ ಕಥೆ ಹೊಸದಲ್ಲ.

ಮನೆಯಲ್ಲಿ ಅಜ್ಜ ತೀರಿಕೊಂಡರೆ ಏನಾಗುತ್ತದೆ ನೋಡಿ. ನಾವೇ ಬಾಯಿಗೆ ನೀರು ಬಿಟ್ಟಿರುತ್ತೇವೆ. ಮುಖ ನೋಡುತ್ತೇವೆ, ಅಳುತ್ತೇವೆ. ಓಣಿಯವರು ಬಂದು ಜೊತೆಗೆ ಕೂರುತ್ತಾರೆ. ನೋಡುವುದು, ಅಳುವುದು, ನಾಲ್ಕು ಜನ ಬಂದು ಕೂರುವುದು, ಈ ಮೂರೂ ಒಂದೇ ಮನೆಯಲ್ಲಿ ನಡೆಯುತ್ತವೆ. ಯುದ್ಧದ ಸಾವಿನಲ್ಲಿ ಇವು ಬೇರೆ ಬೇರೆಯವರ ಪಾಲಾಗುತ್ತವೆ. ಪಕ್ಕದಲ್ಲಿದ್ದ ಸೈನಿಕ ಕಣ್ಣಾರೆ ನೋಡುತ್ತಾನೆ, ಅವನಿಗೆ ಅಳಲು ಪುರುಸೊತ್ತಿಲ್ಲ. ಮನೆಯವರು ಅಳುತ್ತಾರೆ, ಅವರು ನೋಡಿಲ್ಲ. ಗಡಿ ಹಳ್ಳಿಯ ಜನ ನೋಡಿಯೂ ಇರುತ್ತಾರೆ, ಅತ್ತೂ ಇರುತ್ತಾರೆ. ಆದರೆ ಅವರ ಮನೆಗೆ ಮಂತ್ರಿ ಬರುವುದಿಲ್ಲ, ಬ್ಯಾಂಡ್ ಬರುವುದಿಲ್ಲ, ಟಿವಿಯವರೂ ವಾರದೊಳಗೆ ಹೊರಟು ಹೋಗುತ್ತಾರೆ. ನಿಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಇರುವುದಕ್ಕೆ ಮುಖ್ಯ ಕಾರಣ ಇದು ಅಂತ ನನಗನಿಸುತ್ತದೆ.

ಮೊದಲು ಆ ಗೆಳೆಯನ ವಿಷಯಕ್ಕೆ ಬರುತ್ತೇನೆ. ನೀವು ಜಾಸ್ತಿ ತಪ್ಪು ತಿಳಿದಿರುವುದು ಅವನನ್ನೇ ಇರಬೇಕು.

ಕಾಳಗದಲ್ಲಿ ಪಕ್ಕದವನು ಬಿದ್ದರೆ ಉಳಿದವನು ನಿಲ್ಲುವ ಹಾಗಿಲ್ಲ. ಕಾರ್ಗಿಲ್‌ನಲ್ಲಿ ತೋಲೋಲಿಂಗ್ ಬೆಟ್ಟ ವಶವಾಗಿದ್ದು 1999ರ ಜೂನ್ 13ಕ್ಕೆ, ಸುಮಾರು ಮೂರು ವಾರದ ಹೋರಾಟದ ನಂತರ. ಮೇಲಿನಿಂದ ಗುಂಡು ಬರುತ್ತಿದ್ದುದರಿಂದ ಕೆಲವರ ದೇಹ ದಿನಗಟ್ಟಲೆ ಇಳಿಜಾರಿನಲ್ಲೇ ಉಳಿಯಿತು. ನಿನ್ನೆ ಒಂದೇ ತಟ್ಟೆಯಲ್ಲಿ ಉಂಡವನನ್ನು ಅಲ್ಲಿ ಬಿಟ್ಟು, ಅವನ ಪಕ್ಕದಲ್ಲೇ ತೆವಳಿಕೊಂಡು ಮುಂದೆ ಹೋಗಬೇಕು. ಆಗ ಅಳುತ್ತಾ ಕೂತರೆ ಇನ್ನಿಬ್ಬರು ಸಾಯುತ್ತಾರೆ. ಹಾಗಾಗಿ ಸೈನಿಕ ದುಃಖವನ್ನು ಆಮೇಲೆ ನೋಡೋಣ ಅಂತ ಎತ್ತಿಡುತ್ತಾನೆ. ತರಬೇತಿಯೂ ಅದನ್ನೇ ಹೇಳಿಕೊಟ್ಟಿರುತ್ತದೆ. ಆ 'ಆಮೇಲೆ' ಕೆಲವರಿಗೆ ಪಿಂಚಣಿ ಬಂದ ಮೇಲೆ ಬರುತ್ತದೆ. ಡ್ಯೂಟಿ ಇಲ್ಲ, ಯೂನಿಟ್ ಇಲ್ಲ, ಬೆಳಿಗ್ಗೆ ಎಬ್ಬಿಸುವವರಿಲ್ಲ. ಆಗ ನಿದ್ದೆ ಕೆಡುತ್ತದೆ. ಮದುವೆ ಮನೆಯ ಪಟಾಕಿಗೆ ಮೈ ನಡುಗುತ್ತದೆ. ಕ್ಯಾಂಟೀನ್ ರಮ್ ದಿನಕ್ಕೆ ಒಂದು ಪೆಗ್ ಇದ್ದದ್ದು ಅರ್ಧ ಬಾಟಲಿಯಾಗುತ್ತದೆ. ಹೆಂಡತಿ ಮಕ್ಕಳ ಮೇಲೆ ಸುಮ್ಸುಮ್ನೆ ರೇಗಾಡುತ್ತಾನೆ.

ಇದನ್ನು ಕಾಯಿಲೆ ಅಂತ ಒಪ್ಪಲು ಜಗತ್ತಿಗೇ ಬಹಳ ಕಾಲ ಬೇಕಾಯಿತು. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯರು 'ಶೆಲ್ ಶಾಕ್', ಅಂದರೆ ಕಾಳಗದ ಆಘಾತಕ್ಕೆ ಸೈನಿಕರ ಮನಸ್ಸು ಕೆಡುವುದರ ಬಗ್ಗೆ ಬರೆದರು. ಅದೇ ಯುದ್ಧದಲ್ಲಿ ಬ್ರಿಟಿಷ್ ಸೇನೆ ತನ್ನದೇ 306 ಸೈನಿಕರನ್ನು ಓಡಿಹೋದರು, ಹೇಡಿಗಳು ಎಂಬಂಥ ಆರೋಪದ ಮೇಲೆ ಗುಂಡಿಟ್ಟು ಕೊಂದಿತು. ಅವರಲ್ಲಿ ಎಷ್ಟೋ ಜನ ಮನಸ್ಸು ಮುರಿದವರು. ಅವರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ! ಆಘಾತದ ನಂತರ ಕಾಡುವ ಈ ಕಾಯಿಲೆಗೆ ಈಗಿರುವ ಪಿಟಿಎಸ್‌ಡಿ ಎಂಬ ಹೆಸರು ವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು ವಿಯೆಟ್ನಾಂ ಯುದ್ಧ ಮುಗಿದ ಮೇಲೆ, 1980ರಲ್ಲಿ.

ಆದರೆ ನಿಮ್ಮ ಅಣ್ಣನ ಗೆಳೆಯನಿಗೆ ಭಯಕ್ಕಿಂತ ಬೇರೆಯದೇ ಏನೋ ಕಾಡುತ್ತಿರಬಹುದು. ಬದುಕಿ ಬಂದವರ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತುಗಳಿವು: 'ಆವತ್ತು ಆ ಜಾಗದಲ್ಲಿ ನಾನಿರಬೇಕಿತ್ತು.' 'ರಜೆ ಅವನದ್ದಿತ್ತು, ನನಗೆ ಬಿಟ್ಟುಕೊಟ್ಟ.' 'ಒಂದು ನಿಮಿಷ ಮೊದಲು ಕೂಗಿದ್ದರೆ ಉಳೀತಿದ್ದ.' ಹೊರಗಿನಿಂದ ನೋಡಿದರೆ ಅವನದ್ದೇನೂ ತಪ್ಪಿಲ್ಲ. ಆದರೂ ತಾನು ಉಳಿದಿದ್ದೇ ತಪ್ಪು ಅಂತ ಅವನಿಗೆ ಅನಿಸುತ್ತದೆ. ಅಂಥವನಿಗೆ ಜಗತ್ತಿನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಎಂದರೆ ಸತ್ತ ಗೆಳೆಯನ ತಾಯಿಯ ಮುಖ ನೋಡುವುದು. ಮೊದಲ ಒಂದೆರಡು ವರ್ಷ ಕರ್ತವ್ಯ ಅಂತ ಫೋನ್ ಮಾಡುತ್ತಾನೆ. ಪ್ರತಿ ಸಲ ಅವ್ವ 'ಚಲೋ ಅದೀಯಾ ಮಗಾ' ಅಂದಾಗ ಎದೆಗೆ ಚುಚ್ಚುತ್ತದೆ. ಕೊನೆಗೆ ಬಿಟ್ಟೇ ಬಿಡುತ್ತಾನೆ. ನಿಮಗೆ ಅದು ಮರೆವು ಅಂತ ಕಾಣುತ್ತದೆ.

ಇಲ್ಲಿ ಒಬ್ಬ ಹುಡುಗನ ವಿಷಯ ಹೇಳಬೇಕು. ನೀವು ಕೇಳಿದ ಮೂರೂ ಕಡೆ, ಅಂದರೆ ಸೈನಿಕ, ಮನೆಯವರು, ಗಡಿಯ ಜನ, ಅವನ ಕಥೆಯಲ್ಲಿ ಒಟ್ಟಿಗೆ ಬರುತ್ತಾರೆ. ಕ್ಯಾಪ್ಟನ್ ವಿಜಯಂತ್ ಥಾಪರ್, 2 ರಜಪುತಾನಾ ರೈಫಲ್ಸ್. ಅಂದಹಾಗೆ, ಆಗ ಆ ಬೆಟಾಲಿಯನ್ ಮುನ್ನಡೆಸಿದ ಎಂ.ಬಿ. ರವೀಂದ್ರನಾಥ್ ಕನ್ನಡಿಗರು. ವಿಜಯಂತ್ ಸೇನೆ ಸೇರಿ ಆರೇಳು ತಿಂಗಳಾಗಿತ್ತು ಅಷ್ಟೇ. 1999ರ ಜೂನ್ ಕೊನೆಯಲ್ಲಿ ದ್ರಾಸ್‌ನ ನಾಲ್ ಎಂಬ ಗುಡ್ಡದ ಮೇಲಿನ ದಾಳಿಯಲ್ಲಿ ಸತ್ತಾಗ ವಯಸ್ಸು 22. ಹೋಗುವ ಮುಂಚೆ ಮನೆಗೊಂದು ಪತ್ರ ಬರೆದಿಟ್ಟಿದ್ದ. ಸಾಧ್ಯವಾದರೆ ನಾವು ಹೋರಾಡಿದ ಜಾಗವನ್ನು ಬಂದು ನೋಡಿ ಎಂದಿದ್ದ. ಜೊತೆಗೆ ಒಬ್ಬ ಪುಟ್ಟ ಹುಡುಗಿಗೆ ತಿಂಗಳಿಗೆ 50 ರೂಪಾಯಿ ಕೊಡುತ್ತಿರಿ ಎಂದಿದ್ದ.

ಯಾರು ಆ ಹುಡುಗಿ? ವಿಜಯಂತ್ ಕುಪ್ವಾರದಲ್ಲಿದ್ದಾಗ ಪರಿಚಯವಾದವಳು. ಅವಳ ತಂದೆಯನ್ನು ಉಗ್ರರು ಕೊಂದಿದ್ದರು. ಆ ಆಘಾತಕ್ಕೆ ಮಗು ಮಾತೇ ಬಿಟ್ಟಿತ್ತು. ಈ ಹುಡುಗ ಬಿಡುವಾದಾಗೆಲ್ಲ ಚಾಕೊಲೇಟ್ ಹಿಡಿದು ಹೋಗಿ ಅವಳ ಜೊತೆ ಕೂರುತ್ತಿದ್ದ. ನಿಧಾನಕ್ಕೆ ಅವಳಿಗೆ ಮಾತು ಬಂತು. ಮಗ ಸತ್ತ ಮೇಲೆ ತಂದೆ ಕರ್ನಲ್ ವಿ.ಎನ್. ಥಾಪರ್ ಆ ಹುಡುಗಿಯನ್ನು ಹುಡುಕಿ ಭೇಟಿಯಾದರು. ಅವಳ ಸಂಪರ್ಕ ಬಿಡಲಿಲ್ಲ. ದ್ರಾಸ್‌ಗೆ ಮತ್ತೆ ಮತ್ತೆ ಹೋಗಿ ಬರುತ್ತಿದ್ದರು. ತಾವೂ ಸೈನಿಕರಾದ್ದರಿಂದ ಆ ಬೆಟ್ಟ ಹತ್ತಿ ಮಗ ಬಿದ್ದ ಜಾಗವನ್ನು ಕಣ್ಣಾರೆ ನೋಡಿದರು.

ವೈದ್ಯನಾಗಿ ಇದರಲ್ಲಿ ನನಗೆ ಕಾಣುವುದು ಶೌರ್ಯಕ್ಕಿಂತ ಬೇರೆಯದು. ಆ ತಂದೆಗೆ ಎರಡು ಸಿಕ್ಕವು. ಒಂದು, ಮಗ ಎಲ್ಲಿ, ಹೇಗೆ ಹೋದ ಎಂಬ ಪೂರ್ತಿ ಮಾಹಿತಿ. ಇನ್ನೊಂದು, ಮಗನಿಗಾಗಿ ಮಾಡಲು ಒಂದು ಸಣ್ಣ ಕೆಲಸ. ಎಲ್ಲ ತಂದೆತಾಯಿಗೂ ಇವು ಸಿಗುವುದಿಲ್ಲ. ನಿಮ್ಮ ಅವ್ವನಿಗೆ ಮೊದಲನೆಯದು ಸಿಕ್ಕೇ ಇಲ್ಲ.

ಈಗ ಆ ಪೆಟ್ಟಿಗೆಯ ಮಾತು. 1965, 1971ರ ಯುದ್ಧಗಳಲ್ಲಿ ಸತ್ತ ಬಹುತೇಕ ಸೈನಿಕರ ಅಂತ್ಯಕ್ರಿಯೆ ಗಡಿ ಹತ್ತಿರವೇ ಆಗುತ್ತಿತ್ತು. ಮನೆಗೆ ಬರುತ್ತಿದ್ದುದು ತಂತಿ, ಆಮೇಲೆ ಟ್ರಂಕು. ದೊಡ್ಡ ಪ್ರಮಾಣದಲ್ಲಿ ಪಾರ್ಥಿವ ಶರೀರವನ್ನು ಊರೂರಿಗೆ ಕಳಿಸಲು ಶುರುವಾಗಿದ್ದು ಕಾರ್ಗಿಲ್‌ನಿಂದ. ಆ ಯುದ್ಧದಲ್ಲಿ ನಮ್ಮ 527 ಸೈನಿಕರು ಸತ್ತರು. ಪೆಟ್ಟಿಗೆ, ಧ್ವಜ, ಮೆರವಣಿಗೆ, ಗಾಳಿಯಲ್ಲಿ ಗುಂಡು, ಈ ಎಲ್ಲವನ್ನೂ ದೇಶ ಟಿವಿಯಲ್ಲಿ ನೋಡಿದ್ದು ಆಗಲೇ. ಇದರಿಂದ ಮನೆಯವರಿಗೆ ನಿಜವಾಗಿಯೂ ಒಳ್ಳೆಯದಾಯಿತು. ದೇಹ ಬಂದರೆ ಮನಸ್ಸು ಸಾವನ್ನು ನಂಬುತ್ತದೆ. ಆದರೆ ಶೆಲ್, ನೆಲಬಾಂಬ್, ಹಿಮಕುಸಿತದಂಥ ಸಾವಿನಲ್ಲಿ ಪೆಟ್ಟಿಗೆ ತೆರೆಯಬೇಡಿ ಅನ್ನುತ್ತಾರೆ. ಒಳ್ಳೆಯ ಉದ್ದೇಶದಿಂದಲೇ ಅನ್ನುತ್ತಾರೆ. ಆದರೂ ಮುಚ್ಚಿದ ಪೆಟ್ಟಿಗೆ ಅರ್ಧ ಸುದ್ದಿ ಮಾತ್ರ ಕೊಡುತ್ತದೆ. ಉಳಿದರ್ಧವನ್ನು ತಾಯಿಯ ಮನಸ್ಸು ತಾನೇ ತುಂಬಿಸಿಕೊಳ್ಳುತ್ತದೆ. ಕೆಲವೊಮ್ಮೆ 'ಅವನು ಬದುಕಿದ್ದಾನೆ' ಅಂತ. ಕೆಲವೊಮ್ಮೆ ನಿಜಕ್ಕಿಂತ ಭಯಂಕರವಾದ ಚಿತ್ರದಿಂದ.

ಈ ಅರ್ಧ ಸುದ್ದಿ ಎಷ್ಟು ವರ್ಷ ಎಳೆಯಬಹುದು ಗೊತ್ತಾ? 1971ರ ಯುದ್ಧದಲ್ಲಿ ಕಾಣೆಯಾಗಿ, ಪಾಕಿಸ್ತಾನದ ಜೈಲಿನಲ್ಲಿರಬಹುದು ಎಂದು ನಂಬಲಾದ 54 ಸೈನಿಕರ ಪಟ್ಟಿ ಇದೆ. ಅವರ ಸಂಬಂಧಿಕರ ಒಂದು ತಂಡ 2007ರಲ್ಲಿ, ಅಂದರೆ 36 ವರ್ಷದ ನಂತರ, ಅಲ್ಲಿನ ಜೈಲುಗಳಿಗೆ ಹೋಗಿ ಹುಡುಕಿತು. ಯಾರೂ ಸಿಗಲಿಲ್ಲ. ಹಾಗಂತ ಹುಡುಕಾಟ ನಿಂತಿತಾ? ಇಲ್ಲ. ಅಮೆರಿಕದ ಪಾಲಿನ್ ಬಾಸ್ ಎಂಬ ತಜ್ಞೆ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಮನೆಯವರನ್ನು ಅಧ್ಯಯನ ಮಾಡಿ ಹೇಳಿದ್ದು ಇಷ್ಟೇ: ಸತ್ತಿದ್ದಾನೆ ಅಂತ ಖಚಿತವಿಲ್ಲದ ಮನೆಯಲ್ಲಿ ದುಃಖ ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ. ಇದು ಮನೆಯವರ ದೌರ್ಬಲ್ಯ ಅಲ್ಲ, ಅವರು ಸಿಕ್ಕಿಕೊಂಡಿರುವ ಪರಿಸ್ಥಿತಿಯೇ ಹಾಗಿದೆ. ನಿಮ್ಮ ಅಣ್ಣ ಕಾಣೆಯಾದವರಲ್ಲ, ನಿಜ. ಆದರೆ ಮುಖ ನೋಡದ ತಾಯಿಗೆ ಆ ಸ್ಥಿತಿಯ ಒಂದು ಪಾಲು ಇದ್ದೇ ಇರುತ್ತದೆ.

ಒಂಬತ್ತು ವರ್ಷ ಆಯಿತಲ್ಲ, ಇನ್ನೂ ಅಳುವುದು ಸಹಜವಾ ಅಂತ ನೀವು ಕೇಳಬಹುದು. ಮಗನನ್ನು ಯುದ್ಧದಲ್ಲಿ ಕಳೆದುಕೊಂಡ ತಂದೆತಾಯಿಯರ ಬಗ್ಗೆ ಇಸ್ರೇಲ್‌ನಲ್ಲಿ ಅಧ್ಯಯನಗಳಾಗಿವೆ. ಹತ್ತು ವರ್ಷ ದಾಟಿದ ಮೇಲೂ ಸತ್ತ ಮಗನೇ ಮನೆಯ ನಡುಮಧ್ಯ ಇರುತ್ತಾನೆ ಅಂತ ಅವು ತೋರಿಸಿವೆ. ನೆನಪಾದಾಗ ಅಳುವುದು ಕಾಯಿಲೆ ಅಲ್ಲ. ವರ್ಷ ದಾಟಿದರೂ ಹೆಚ್ಚುಕಡಿಮೆ ದಿನವಿಡೀ ಅದೇ ಹಂಬಲ, ಸಾವನ್ನು ನಂಬಲು ಆಗದಿರುವುದು, ಊಟ ನಿದ್ದೆ ಜನರ ಸಂಗ ಎಲ್ಲ ಬಿಟ್ಟುಹೋಗುವುದು, ಇಂಥದ್ದಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು 2022ರಲ್ಲಿ 'ದೀರ್ಘ ಶೋಕ' ಎಂದು ಪ್ರತ್ಯೇಕವಾಗಿ ಸೇರಿಸಿತು. ಸಹಜ ಸಾವಿನ ನಂತರ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಬರಬಹುದು. ಹಿಂಸೆಯಿಂದಾದ ಸಾವಿನ ನಂತರ ಅದಕ್ಕಿಂತ ಜಾಸ್ತಿ.

ವೈನಿಯ ವಿಷಯ ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದರ ಹಿಂದೆ ಏನೋ ಇದೆ ಅಂತ ನನ್ನ ಊಹೆ. ಸೈನಿಕನ ಹೆಂಡತಿ ಒಂದೇ ದಿನದಲ್ಲಿ ಇಡೀ ಊರಿನ ಆಸ್ತಿಯಾಗುತ್ತಾಳೆ. ಕುಂಕುಮ ಇಟ್ಟರೂ ಮಾತು, ಇಡದಿದ್ದರೂ ಮಾತು. ನಕ್ಕರೆ 'ನೋಡು ಎಷ್ಟು ಬೇಗ ಮರೆತಳು'. ಆಮೇಲೆ ದುಡ್ಡಿನ ಮಾತು ಬರುತ್ತದೆ. ಕಾಳಗದಲ್ಲಿ ಸತ್ತವರ ಮನೆಗೆ ಬರುವ ಉದಾರೀಕೃತ ಕುಟುಂಬ ಪಿಂಚಣಿ ಕೊನೆಯ ಸಂಬಳದಷ್ಟೇ ಇರುತ್ತದೆ, ಅದು ಸಾಮಾನ್ಯವಾಗಿ ಹೆಂಡತಿಯ ಹೆಸರಿಗೆ. ವಯಸ್ಸಾದ ತಂದೆತಾಯಿಗೆ 'ಮಗನೂ ಹೋದ, ಆಸರೆಯೂ ಹೋಯಿತು' ಅನಿಸುತ್ತದೆ. ಎರಡೂ ಕಡೆಯವರ ಸಂಕಟ ನಿಜ. ಉತ್ತರ ಭಾರತದ ಕೆಲವು ಕಡೆ ಪಿಂಚಣಿ ಮನೆಯಲ್ಲೇ ಉಳಿಯಲಿ ಅಂತ ಮೈದುನನಿಗೇ ಮದುವೆ ಮಾಡಿಸುವ ಒತ್ತಡವೂ ಇತ್ತು. ಶೌರ್ಯ ಪ್ರಶಸ್ತಿಯ ಭತ್ಯೆ ಮುಂದುವರಿಯಬೇಕಾದರೆ ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾಗಬೇಕು ಎಂಬ ನಿಯಮ ಸರ್ಕಾರದ ಪುಸ್ತಕದಲ್ಲೇ ಇತ್ತು. ಅದನ್ನು ತೆಗೆದುಹಾಕಿದ್ದು 2017ರಲ್ಲಿ. ಒಬ್ಬ ಹೆಣ್ಣುಮಗಳ ದುಃಖದ ಮೇಲೆ ಇಷ್ಟೆಲ್ಲ ಹೇರಿದರೆ ಅವಳು ತವರಿಗೆ ಹೋಗುವುದರಲ್ಲಿ ಆಶ್ಚರ್ಯ ಏನಿದೆ?

ಮಗುವಿಗೆ ಈಗ ಹನ್ನೆರಡು ವರ್ಷ. ಅವಳಿಗೆ ಅಪ್ಪ ಅಂದರೆ ಹಾರ ಹಾಕಿದ ಫೋಟೋ. ಆಗಸ್ಟ್ 15ಕ್ಕೆ ಶಾಲೆಯಲ್ಲಿ ವೇದಿಕೆ ಮೇಲೆ ಕೂರಿಸುತ್ತಾರೆ. 'ಹುತಾತ್ಮರ ಮಗಳು' ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆಯುವ ಹಾಗಿಲ್ಲ, ಜಗಳ ಆಡುವ ಹಾಗಿಲ್ಲ. ಅವಳಿಗೆ ಬೇಕಾಗಿರುವುದು ವೀರನ ಕಥೆಯಲ್ಲ. ಅಪ್ಪ ಶಾಲೆ ತಪ್ಪಿಸಿ ಕೆರೆಗೆ ಈಜಲು ಹೋಗಿದ್ದ, ಬದನೆಕಾಯಿ ಪಲ್ಯ ಕಂಡರೆ ಮೂತಿ ತಿರುವುತ್ತಿದ್ದ, ನಿಮ್ಮ ಜೊತೆ ಸೈಕಲ್ಲಿಗೆ ಜಗಳವಾಡಿ ಹೊಡೆಸಿಕೊಂಡಿದ್ದ, ಇಂಥವು. ಇವನ್ನು ಹೇಳಬಲ್ಲವರು ನೀವು ಮತ್ತು ಅವ್ವ ಮಾತ್ರ. ವೈನಿಯೊಂದಿಗೆ ಏನೇ ಇರಲಿ, ಆ ಮಗುವಿಗೆ ಈ ದಾರಿ ಮುಚ್ಚಬೇಡಿ.

ಊರು ಒಪ್ಪಿಕೊಂಡ ಸಾವಿಗೇ ಇಷ್ಟು ಕಷ್ಟ. ಯಾರೂ ಒಪ್ಪಿಕೊಳ್ಳದ ಸಾವು ಹೇಗಿರುತ್ತದೆ? ಇದಕ್ಕೂ ಕಾರ್ಗಿಲ್‌ನಲ್ಲೇ ಉದಾಹರಣೆ ಇದೆ, ಆದರೆ ಬೆಟ್ಟದ ಆ ಕಡೆ. ಅಲ್ಲಿ ಹೋರಾಡಿದವರಲ್ಲಿ ಹೆಚ್ಚಿನವರು ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯವರು, ಗಿಲ್ಗಿಟ್ ಬಾಲ್ಟಿಸ್ತಾನದ ಹಳ್ಳಿಗಳ ಹುಡುಗರು. ಅವರು ನಮ್ಮ ಸೈನಿಕರೇ ಅಲ್ಲ ಅಂತ ಪಾಕಿಸ್ತಾನ ಮೊದಲು ಹೇಳಿತ್ತು. ಹಾಗಾಗಿ ಅನೇಕರ ದೇಹಗಳನ್ನು ತೆಗೆದುಕೊಳ್ಳಲಿಲ್ಲ. ನಮ್ಮ ಸೇನೆಯೇ ಅವರ ಧರ್ಮದ ಪ್ರಕಾರ ಹೂಳಿತು. ಟೈಗರ್ ಹಿಲ್‌ನಲ್ಲಿ ಸತ್ತ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ('ಕರ್ನಲ್' ಅವರ ಹೆಸರಿನದೇ ಭಾಗ) ಅವರ ದೇಹವನ್ನು ಹಿಂದಿರುಗಿಸುವಾಗ ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಜೇಬಿನಲ್ಲಿ ಒಂದು ಚೀಟಿ ಇಟ್ಟರು. ಈತ ತುಂಬಾ ಧೈರ್ಯದಿಂದ ಹೋರಾಡಿದ, ಇವನಿಗೆ ಸಲ್ಲಬೇಕಾದ ಗೌರವ ಸಲ್ಲಲಿ ಅಂತ ಅದರಲ್ಲಿತ್ತು. ಅವರಿಗೆ ಪಾಕಿಸ್ತಾನದ ಅತ್ಯುನ್ನತ ಪದಕ ಸಿಕ್ಕಿತು. ಉಳಿದವರ ಕಥೆ? 2010ರಲ್ಲಿ ಪಾಕಿಸ್ತಾನ ಸೇನೆ ತನ್ನ ವೆಬ್‌ಸೈಟಿನಲ್ಲಿ ಸದ್ದಿಲ್ಲದೆ 453 ಹೆಸರು ಹಾಕಿತು. ಹನ್ನೊಂದು ವರ್ಷದ ನಂತರ! ಅಷ್ಟು ವರ್ಷ ಆ ತಾಯಂದಿರು ನನ್ನ ಮಗ ಯುದ್ಧದಲ್ಲಿ ಸತ್ತ ಅಂತ ಎದೆ ತಟ್ಟಿ ಅಳುವುದೂ ಕಷ್ಟವಿತ್ತು. ಶತ್ರು ದೇಶದವರು ಅನ್ನುವುದೆಲ್ಲ ಸರಿ. ನಾನು ಹೇಳುತ್ತಿರುವುದು ತಾಯಂದಿರ ವಿಷಯ.

ನಾಗರಿಕರ ಪಾಡು ಇದಕ್ಕೆ ಹತ್ತಿರದ್ದು. 1999ರಲ್ಲಿ ಕಾರ್ಗಿಲ್ ಪಟ್ಟಣ ಮತ್ತು ದ್ರಾಸ್ ಮೇಲೆ ಶೆಲ್ ಬಿದ್ದಾಗ ಜನ ಮನೆಮಠ ಬಿಟ್ಟು ಹೋದರು. ಸೇನೆಗೆ ಸಾಮಾನು ಹೊತ್ತು ಬೆಟ್ಟ ಹತ್ತಿದ ಪೋರ್ಟರ್‌ಗಳೂ ಆ ಊರುಗಳವರೇ. ಕಾರ್ಗಿಲ್ ಹತ್ತಿರದ ಹುಂದರ್‌ಮಾನ್ ಹಳ್ಳಿಯಲ್ಲಿ 1971ರಲ್ಲಿ ಗಡಿಯೇ ಸರಿಯಿತು. ಅಣ್ಣ ಈ ಕಡೆ, ತಮ್ಮ ಆ ಕಡೆ ಉಳಿದರು. ಅಲ್ಲಿ ಯಾರೋ ಸತ್ತರೆ ಇಲ್ಲಿಯವರಿಗೆ ಮಣ್ಣಿಗೆ ಹೋಗಲೂ ಆಗುವುದಿಲ್ಲ. ಯುದ್ಧ ಮುಗಿದ ಮೇಲೂ ಸಾವು ನಿಲ್ಲುವುದಿಲ್ಲ: 2023ರಲ್ಲಿ ಕಾರ್ಗಿಲ್‌ನ ಕುರ್ಬಾಥಾಂಗ್‌ನಲ್ಲಿ ಸಿಡಿಯದೆ ಉಳಿದಿದ್ದ ಹಳೆಯ ಶೆಲ್ ಸ್ಫೋಟಿಸಿ ಆಟವಾಡುತ್ತಿದ್ದ ಹುಡುಗನೊಬ್ಬ ಸತ್ತ. ಆ ಯುದ್ಧ ನಡೆದಾಗ ಅವನು ಹುಟ್ಟಿಯೇ ಇರಲಿಲ್ಲ. ಸೈನಿಕನ ಮನೆಯಲ್ಲಿ ಕನಿಷ್ಠ 'ದೇಶಕ್ಕಾಗಿ' ಎಂಬ ಒಂದು ಕಾರಣ ಇರುತ್ತದೆ. ಎಲ್ಲರಿಗೂ ಅದರಿಂದ ಸಮಾಧಾನ ಸಿಗುತ್ತದೆ ಅಂತಲ್ಲ. ಆದರೆ ಅಂಗಳದಲ್ಲಿ ಆಡುತ್ತಿದ್ದ ಮಗು ಸತ್ತರೆ ತಾಯಿ ಯಾವ ಕಾರಣ ಹೇಳಿಕೊಳ್ಳಬೇಕು?

2025ರ ಮೇ ತಿಂಗಳಲ್ಲಿ ಪೂಂಚ್‌ನಲ್ಲಿ ಶೆಲ್ ದಾಳಿಗೆ ಮಕ್ಕಳೂ ಸೇರಿ ಹಲವು ನಾಗರಿಕರು ಸತ್ತರು. ನಿಮ್ಮ ಅವ್ವ ಅದನ್ನು ನೋಡಿ ಊಟ ಬಿಟ್ಟಿದ್ದನ್ನು ನೀವು ಹೊಸ ತೊಂದರೆ ಅಂದುಕೊಂಡಿರಬಹುದು. ನನಗೆ ಹಾಗೆ ಕಾಣುವುದಿಲ್ಲ. ಅವರ ಮಗನೂ ಶೆಲ್ ಬಿದ್ದೇ ಹೋದದ್ದು. ತಾನು ನೋಡದೇ ಇದ್ದದ್ದನ್ನು ಆ ತಾಯಿ ಟಿವಿಯಲ್ಲಿ ನೋಡಿದರು. ಗಡಿಯಲ್ಲಿ ಮತ್ತೆ ಗಲಾಟೆಯಾದಾಗ ನ್ಯೂಸ್ ಚಾನೆಲ್ ಬಂದ್ ಮಾಡಿ, ಆ ಸೈರನ್, ಗ್ರಾಫಿಕ್ಸ್, ಕೂಗಾಟ ಯಾರಿಗೂ ಒಳ್ಳೆಯದಲ್ಲ. ಬೇಕಾದರೆ ದಿನಕ್ಕೊಮ್ಮೆ ಪೇಪರ್ ಓದಿ ಹೇಳಿ.

ಈಗ ಏನು ಮಾಡಬೇಕು ಎಂಬುದಕ್ಕೆ ಬರೋಣ. ನಾನಾಗಿದ್ದರೆ ಆ ಗೆಳೆಯನಿಂದ ಶುರು ಮಾಡುತ್ತಿದ್ದೆ. ಅವ್ವನಿಗೆ ಬೇಕಾದ ಉತ್ತರ ಇರುವುದು ಅವನ ಹತ್ತಿರ. ಕರೆ ಮಾಡುತ್ತಲೇ ಇರಬೇಡಿ, ಒಂದು ಮೆಸೇಜ್ ಕಳಿಸಿ. 'ನಿಮ್ಮ ಮೇಲೆ ನಮಗೇನೂ ಬೇಜಾರಿಲ್ಲ. ನೀವು ಬದುಕಿ ಬಂದದ್ದು ನಮಗೆ ಸಂತೋಷ. ಅವ್ವನಿಗೆ ಆ ದಿನದ ಬಗ್ಗೆ ಕೇಳಬೇಕಂತೆ. ನಿಮಗೆ ಆದಾಗ ಬನ್ನಿ, ಆಗದಿದ್ದರೂ ಪರವಾಗಿಲ್ಲ.' ಇಷ್ಟು ಸಾಕು. ಎರಡನೇ ವಾಕ್ಯವನ್ನು ಬಿಡಬೇಡಿ, ಅವನು ಅದನ್ನು ಯಾರ ಬಾಯಿಂದಲೂ ಕೇಳಿರಲಿಕ್ಕಿಲ್ಲ. ಬಂದರೆ ಬಲವಂತವಾಗಿ ಎಲ್ಲ ಹೇಳಿಸಬೇಡಿ. ಆಘಾತವಾದ ಕೂಡಲೇ ಒಂದೇ ಸಲಕ್ಕೆ ಎಲ್ಲವನ್ನೂ ಹೊರಹಾಕಿಸುವ ಪದ್ಧತಿ ಹಿಂದೆ ಇತ್ತು, ಅದರಿಂದ ಉಪಯೋಗವಿಲ್ಲ ಅಂತ ಸಂಶೋಧನೆಗಳು ತೋರಿಸಿವೆ. ಅವನು ಎಷ್ಟು ಹೇಳುತ್ತಾನೋ ಅಷ್ಟು. ಅವ್ವನಿಗೆ ಬೇಕಿರುವುದೂ ಗಾಯದ ವಿವರ ಅಲ್ಲ. ಪೆಟ್ಟಿಗೆಯಲ್ಲಿದ್ದವನು ಅವನೇ ಹೌದು, ನಾನೇ ಗುರುತು ಹಿಡಿದೆ ಅನ್ನುವ ಒಬ್ಬ ಮನುಷ್ಯ ಬೇಕು. ಜೊತೆಗಿದ್ದವರು ಯಾರು, ತುಂಬ ಹೊತ್ತು ನರಳಿದನಾ, ಇಷ್ಟು ತಿಳಿದರೆ ಸಾಕು. ಆ ಗೆಳೆಯ ಬಾರದಿದ್ದರೆ ಅಣ್ಣನ ಯೂನಿಟ್‌ಗೆ ಪತ್ರ ಬರೆಯಿರಿ. ಆಗಿನ ಸುಬೇದಾರರೋ ಅಧಿಕಾರಿಯೋ ಸಿಗಬಹುದು. ಮರಾಠಾ ಲೈಟ್ ಇನ್‌ಫೆಂಟ್ರಿಯವರಾಗಿದ್ದರೆ ರೆಜಿಮೆಂಟ್ ಕೇಂದ್ರ ನಿಮ್ಮ ಬೆಳಗಾವಿಯಲ್ಲೇ ಇದೆ.

ಅವ್ವನನ್ನು ಒಮ್ಮೆ ಮನೋವೈದ್ಯರಿಗೆ ತೋರಿಸಿ. ನಿದ್ದೆ, ಊಟ, ತೂಕ, ಬದುಕು ಸಾಕು ಅನ್ನುವ ಮಾತು, ಈ ನಾಲ್ಕನ್ನು ಗಮನಿಸಿ ಹೇಳಿ. ಕೊನೆಯದಿದ್ದರೆ ಕಾಯಬೇಡಿ. ಊರಿನಲ್ಲಿ ವೈದ್ಯರಿಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ಸೇನೆಯವರು ಮತ್ತು ಅವರ ಮನೆಯವರಿಗೆಂದೇ 2023ರಲ್ಲಿ ಇದರ ಒಂದು ವಿಭಾಗ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಶುರುವಾಗಿದೆ. ಆ ಗೆಳೆಯನಿಗೂ ಈ ನಂಬರ್ ಕಳಿಸಿ. ಅವನ ತೊಂದರೆಗೆ ಒಳ್ಳೆಯ ಚಿಕಿತ್ಸೆ ಇದೆ. ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆಯಿಂದ ತುಂಬ ಜನ ಸುಧಾರಿಸುತ್ತಾರೆ, ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ.

ವೈನಿಯ ಜೊತೆ ದುಡ್ಡಿನ ವ್ಯಾಜ್ಯ ಇದ್ದರೆ ಅದನ್ನು ಮನೆಯ ಜಗಲಿಯಲ್ಲಿ ಬಗೆಹರಿಸಲು ಹೋಗಬೇಡಿ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಇಬ್ಬರೂ ಹೋಗಿ, ಯಾರಿಗೆ ಏನು ಬರುತ್ತದೆ ಅಂತ ಬರೆದು ಕೇಳಿ. ವೈನಿ ಮರುಮದುವೆ ಯೋಚಿಸುತ್ತಿದ್ದರೆ ಪಿಂಚಣಿಯ ನಿಯಮ ಮಕ್ಕಳಿದ್ದಾರೋ ಇಲ್ಲವೋ ಎಂಬುದರ ಮೇಲೂ ಹೋಗುತ್ತದೆ. ಅದನ್ನೂ ಅಲ್ಲೇ ಮೊದಲು ಕೇಳಿಕೊಳ್ಳಲಿ. ಆ ಮಾತು ಮುಗಿದ ಮೇಲೆ, ಮುಂದಿನ ರಜೆಗೆ ಮಗುವನ್ನು ನಾಲ್ಕು ದಿನ ಕಳಿಸಿಕೊಡಿ ಅಂತ ನೀವೇ ಕೇಳಿ. ಅವ್ವನಿಂದ ಕೇಳಿಸಬೇಡಿ. ವೈನಿ ಬೇಡ ಅಂದರೆ, ಆ 'ಬೇಡ'ವನ್ನು ತಡೆದುಕೊಳ್ಳುವ ಶಕ್ತಿ ಸದ್ಯಕ್ಕೆ ನಿಮಗಿದೆ, ಅವ್ವನಿಗಿಲ್ಲ.